ಫೋಟೋಗ್ರಫಿ ವ್ಯವಹಾರಕ್ಕೆ ವೆಬ್‌ಸೈಟ್: ನೋಡಿ ಹೋಗುವವರನ್ನು ಗ್ರಾಹಕರನ್ನಾಗಿ ಮಾಡಿಕೊಳ್ಳುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಮದುವೆ ನಿಶ್ಚಯವಾಗಿ ಛತ್ರ, ಅಡುಗೆಯವರು, ಪುರೋಹಿತರು ಗೊತ್ತಾದ ಮೇಲೆ ಮನೆಯಲ್ಲಿ ಏಳುವ ಮುಂದಿನ ಪ್ರಶ್ನೆ ಫೋಟೋಗೆ ಯಾರು ಎಂಬುದು. ಸ್ವಂತ ಊರಿನಲ್ಲಾದರೆ ಎರಡು ತಲೆಮಾರಿನಿಂದ ಪರಿಚಯವಿರುವ ಸ್ಟುಡಿಯೋ ಇರುತ್ತದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂಥ ನಗರಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಆ ಅನುಕೂಲ ಕಡಿಮೆ. ಹೀಗಾಗಿ ಅವರು ಮೊಬೈಲ್‌ನಲ್ಲಿ ಹುಡುಕುತ್ತಾರೆ, ನಾಲ್ಕೈದು ವೆಬ್‌ಸೈಟ್ ತೆರೆದು ನೋಡುತ್ತಾರೆ, ಅವುಗಳಲ್ಲಿ ಒಂದೆರಡಕ್ಕೆ ಮಾತ್ರ ಕರೆ ಮಾಡುತ್ತಾರೆ.

ಕರೆ ಬಾರದ ಉಳಿದವರ ಕೆಲಸ ಕಳಪೆ ಎಂದು ಅರ್ಥವಲ್ಲ. ಹೆಚ್ಚಿನ ಸಲ ಅವರ ವೆಬ್‌ಸೈಟ್ ತೆರೆಯಲು ತಡವಾಗಿರುತ್ತದೆ, ದರ ಕಾಣುವುದಿಲ್ಲ, ಯಾವ ಊರಿನವರು ಎಂದೇ ತಿಳಿಯುವುದಿಲ್ಲ. ಲಕ್ಷಾಂತರ ರೂಪಾಯಿ ಕ್ಯಾಮೆರಾ, ಲೆನ್ಸ್‌ಗೆ ಹಾಕಿದ ಛಾಯಾಗ್ರಾಹಕರು ಈ ಸಣ್ಣ ಕಾರಣಗಳಿಂದ ಬುಕಿಂಗ್ ಕಳೆದುಕೊಳ್ಳುತ್ತಾರೆ. ಇವುಗಳನ್ನು ಸರಿಪಡಿಸುವುದು ಹೇಗೆ, ಕಾನೂನಿನ ವಿಚಾರದಲ್ಲಿ ಎಚ್ಚರ ವಹಿಸಬೇಕಾದುದು ಎಲ್ಲಿ ಎಂಬ ವಿವರ ಇಲ್ಲಿದೆ.

ಇನ್‌ಸ್ಟಾಗ್ರಾಂ ಇರುವಾಗ ಸ್ವಂತ ವೆಬ್‌ಸೈಟ್ ಏಕೆ?

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳು ಹೊಸಬರ ಕಣ್ಣಿಗೆ ಬೀಳಲು ಒಳ್ಳೆಯವು. ಆದರೆ ಅವು ಬಾಡಿಗೆ ಮನೆ ಇದ್ದಂತೆ. ಖಾತೆ ಹ್ಯಾಕ್ ಆದರೆ ಅಥವಾ ನಿಯಮ ಬದಲಾದರೆ ವರ್ಷಗಳ ಕೆಲಸ ಒಂದೇ ದಿನದಲ್ಲಿ ಕೈತಪ್ಪಬಹುದು.

ಇದಕ್ಕೆ ಇತ್ತೀಚಿನ ಉದಾಹರಣೆ 2024ರ ಮಾರ್ಚ್ ತಿಂಗಳದ್ದು. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಮೂಲಕ ಸಣ್ಣ ವ್ಯಾಪಾರಿಗಳಿಗೆ ಉಚಿತವಾಗಿ ಕೊಟ್ಟಿದ್ದ ವೆಬ್‌ಸೈಟ್‌ಗಳನ್ನು ಆ ತಿಂಗಳು ಮುಚ್ಚಿತು. ಕೆಲವು ತಿಂಗಳ ಮಟ್ಟಿಗೆ ಆ ವಿಳಾಸಕ್ಕೆ ಬಂದವರನ್ನು ಪ್ರೊಫೈಲ್‌ಗೆ ಕಳುಹಿಸಲಾಯಿತು, ಬಳಿಕ ಅದೂ ನಿಂತಿತು. ಅದೇ ವಿಳಾಸವನ್ನು ವಿಸಿಟಿಂಗ್ ಕಾರ್ಡ್, ಆಲ್ಬಂನ ಹಿಂಬದಿಯಲ್ಲಿ ಮುದ್ರಿಸಿದ್ದ ಅಂಗಡಿ, ಸ್ಟುಡಿಯೋಗಳಿಗೆ ಆ ವಿಳಾಸ ಇನ್ನು ಪ್ರಯೋಜನಕ್ಕೆ ಬಾರದು.

ಸ್ವಂತ ಡೊಮೈನ್ ಇದ್ದರೆ ಈ ಆತಂಕವಿಲ್ಲ. ಹೋಸ್ಟಿಂಗ್ ಕಂಪನಿ ಬದಲಿಸಿದರೂ ವಿಳಾಸ ಅದೇ ಉಳಿಯುತ್ತದೆ. ಇಲ್ಲಿ ಒಂದು ಮಾತು ನೆನಪಿಡಬೇಕು. ಡೊಮೈನ್ ಅನ್ನು ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಿ ಅಲ್ಲ, ಸ್ಟುಡಿಯೋ ಮಾಲೀಕರ ಹೆಸರು, ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಲ್ಲೇ ನೋಂದಾಯಿಸಬೇಕು. ಡೆವಲಪರ್ ಕೆಲಸ ಬಿಟ್ಟು ಹೋದ ಮೇಲೆ ನವೀಕರಣದ ದಿನ ತಪ್ಪಿದರೆ ಆ ಹೆಸರನ್ನು ಮತ್ತೊಬ್ಬರು ಕೊಂಡುಕೊಳ್ಳಬಹುದು. ಡಾಟ್ ಇನ್ ವಿಳಾಸಗಳನ್ನು ನಿರ್ವಹಿಸುವ ಸಂಸ್ಥೆ ನಿಕ್ಸಿ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ವಿಳಾಸ ಪಡೆಯಲೂ ಅವಕಾಶವಿದೆ.

ಗ್ರಾಹಕರು ಹುಡುಕುವ ಐದು ಉತ್ತರಗಳು

ವೆಬ್‌ಸೈಟ್‌ಗೆ ಬರುವವರು ಛಾಯಾಗ್ರಾಹಕರ ಜೀವನಗಾಥೆ ಓದಲು ಬಂದಿರುವುದಿಲ್ಲ. ಅವರಿಗೆ ಬೇಕಿರುವುದು ಐದು ಉತ್ತರ.

1. ನಮ್ಮಂಥ ಕಾರ್ಯಕ್ರಮವನ್ನು ಇವರು ಹಿಂದೆ ತೆಗೆದಿದ್ದಾರೆಯೇ?
2. ನಮ್ಮ ಊರಿಗೆ, ನಮ್ಮ ಛತ್ರಕ್ಕೆ ಬರುತ್ತಾರೆಯೇ?
3. ನಮ್ಮ ಮುಹೂರ್ತದ ದಿನ ಬಿಡುವಿದೆಯೇ?
4. ಸುಮಾರು ಎಷ್ಟು ಖರ್ಚಾಗುತ್ತದೆ?
5. ಅಡ್ವಾನ್ಸ್ ಕೊಟ್ಟರೆ ನಂಬಬಹುದೇ?

ಹಳೆಯ ವೆಬ್‌ಸೈಟ್ ಇರುವವರು ಮನೆಯ ಹಿರಿಯರೊಬ್ಬರ ಕೈಗೆ ಮೊಬೈಲ್ ಕೊಟ್ಟು ಈ ಐದಕ್ಕೂ ಉತ್ತರ ಹುಡುಕಲು ಹೇಳಬಹುದು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿಯೇ ದುರಸ್ತಿ ಆಗಬೇಕಿದೆ. ಇದಕ್ಕೆ ಯಾವ ತಜ್ಞರೂ ಬೇಕಿಲ್ಲ.

ಮುಖಪುಟದಲ್ಲಿ ಸ್ಕ್ರೋಲ್ ಮಾಡುವ ಮೊದಲೇ ಮೂರು ಸಂಗತಿ ಕಾಣಬೇಕು: ಏನು ತೆಗೆಯುತ್ತಾರೆ, ಯಾವ ಊರಿನಲ್ಲಿದ್ದಾರೆ, ಸಂಪರ್ಕಿಸುವುದು ಹೇಗೆ. "ಕ್ಷಣಗಳನ್ನು ಸೆರೆಹಿಡಿಯುತ್ತೇವೆ" ಎಂಬ ಸಾಲು ಎಲ್ಲ ಸ್ಟುಡಿಯೋಗೂ ಹೊಂದುತ್ತದೆ, ಹಾಗಾಗಿ ಅದು ಯಾರಿಗೂ ಏನನ್ನೂ ತಿಳಿಸುವುದಿಲ್ಲ. "ಡೊಂಬಿವಲಿ, ಠಾಣೆ, ಮಾಟುಂಗಾ ಭಾಗದಲ್ಲಿ ಕನ್ನಡ, ತುಳು, ಕೊಂಕಣಿ ಕುಟುಂಬಗಳ ಮದುವೆ, ಉಪನಯನ, ಸೀಮಂತ ಫೋಟೋಗ್ರಫಿ" ಎಂದು ಬರೆದರೆ ಬೇಕಾದವರಿಗೆ ತಕ್ಷಣ ಗೊತ್ತಾಗುತ್ತದೆ. ತಾನಾಗಿಯೇ ಹಾಡು ಮೊಳಗುವ ಪುಟ, ಓಡುತ್ತಲೇ ಇರುವ ಸ್ಲೈಡ್‌ಶೋ ಎರಡನ್ನೂ ಕೈಬಿಡುವುದು ಒಳ್ಳೆಯದು. ಕಚೇರಿಯಲ್ಲಿ ಕುಳಿತು ನೋಡುವವರು ಹಾಡು ಶುರುವಾದೊಡನೆ ಪುಟ ಮುಚ್ಚುತ್ತಾರೆ.

ಪೋರ್ಟ್‌ಫೋಲಿಯೊ: ಸಂಖ್ಯೆಗಿಂತ ಆಯ್ಕೆ ಮುಖ್ಯ

ತೆಗೆದ ಚಿತ್ರಗಳನ್ನೆಲ್ಲ ಹಾಕುವುದು ಸಾಮಾನ್ಯ ತಪ್ಪು. ಒಂದೇ ಭಂಗಿಯ ಹತ್ತು ಚಿತ್ರಗಳಿದ್ದರೆ ನೋಡುವವರ ಮನಸ್ಸಿನಲ್ಲಿ ಉಳಿಯುವುದು ಅವುಗಳಲ್ಲಿ ಸಾಧಾರಣವಾದದ್ದು. ಒಂದೊಂದು ವಿಭಾಗಕ್ಕೆ 20ರಿಂದ 30 ಚಿತ್ರ ಸಾಕು.

ಆಯ್ದ ಚಿತ್ರಗಳ ಜೊತೆಗೆ ಒಂದೆರಡು ಮದುವೆಗಳನ್ನು ಮೊದಲಿನಿಂದ ಕೊನೆಯವರೆಗೆ ತೋರಿಸುವುದು ಬಹಳ ಉಪಯುಕ್ತ. ಒಂದು ಒಳ್ಳೆಯ ಚಿತ್ರ ಅದೃಷ್ಟದಿಂದಲೂ ಸಿಗಬಹುದು. ಅರಿಶಿನ ಶಾಸ್ತ್ರ, ವರಪೂಜೆ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಊಟದ ಪಂಕ್ತಿ, ಆರತಕ್ಷತೆ ಎಲ್ಲದರಲ್ಲೂ ಕೆಲಸ ಒಂದೇ ಮಟ್ಟದಲ್ಲಿದ್ದರೆ ಗ್ರಾಹಕರಿಗೆ ಧೈರ್ಯ ಬರುತ್ತದೆ. ಛತ್ರದ ಮಂದ ಬೆಳಕಿನಲ್ಲಿ, ಹೋಮದ ಹೊಗೆಯಲ್ಲಿ ತೆಗೆದ ಚಿತ್ರ ಹೇಗಿದೆ ಎಂಬುದನ್ನು ಅವರು ಗಮನಿಸಿ ನೋಡುತ್ತಾರೆ.

ಹೊರ ರಾಜ್ಯದ ಕನ್ನಡಿಗರಿಗೆ ಇನ್ನೊಂದು ಅಗತ್ಯವಿದೆ. ತಮ್ಮ ಶಾಸ್ತ್ರಗಳ ಅರಿವಿಲ್ಲದ ಫೋಟೋಗ್ರಾಫರ್ ಮುಖ್ಯ ಗಳಿಗೆಯಲ್ಲಿ ತಪ್ಪಾದ ಕಡೆ ನಿಂತಿರುತ್ತಾನೆ ಎಂಬ ಅಳುಕು ಅವರಿಗಿರುತ್ತದೆ. ಲಿಂಗಾಯತ, ಒಕ್ಕಲಿಗ, ಮಾಧ್ವ, ಬಂಟ, ಕೊಡವ ಮದುವೆಗಳ ಕ್ರಮ ಬೇರೆ ಬೇರೆ. ಯಾವುದನ್ನು ತೆಗೆದ ಅನುಭವವಿದೆಯೋ ಅದನ್ನು ಪ್ರತ್ಯೇಕ ಪುಟವಾಗಿ ಮಾಡಿ, ಆ ಶಾಸ್ತ್ರಗಳ ಹೆಸರು ಹಾಕಿ ತೋರಿಸಿದರೆ ಈ ಅಳುಕು ದೂರವಾಗುತ್ತದೆ. ದೊಡ್ಡ ಬಜೆಟ್‌ನ ಸ್ಟುಡಿಯೋಗಳ ನಡುವೆ ಸಣ್ಣವರಿಗೆ ಸಿಗುವ ನಿಜವಾದ ಅನುಕೂಲ ಇದು.

ವೇಗ: ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ

ಫೋಟೋಗ್ರಫಿ ವೆಬ್‌ಸೈಟ್‌ಗಳ ಅತಿ ದೊಡ್ಡ ಶತ್ರು ಅವುಗಳ ಚಿತ್ರಗಳೇ. ಕ್ಯಾಮೆರಾದಿಂದ ಬಂದ ಒಂದು ಜೆಪೆಗ್ ಫೈಲ್ 8 ಎಂಬಿ ಇದೆ ಎಂದುಕೊಳ್ಳೋಣ. ಅಂಥ 20 ಚಿತ್ರಗಳಿರುವ ಪುಟದ ಭಾರ 160 ಎಂಬಿ. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಮೊಬೈಲ್ ಸಂಪರ್ಕದಲ್ಲಿ ಅದು ಪೂರ್ತಿ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಅದೇ ಚಿತ್ರಗಳನ್ನು ತಲಾ 300 ಕೆಬಿಗೆ ಇಳಿಸಿದರೆ ಇಡೀ ಪುಟ 6 ಎಂಬಿ, ಸಮಯ ಸುಮಾರು 5 ಸೆಕೆಂಡು. ಮೊಬೈಲ್ ಪರದೆಯ ಮೇಲೆ ಎರಡರ ನಡುವಿನ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ಕಾಣುವುದೇ ಇಲ್ಲ.

ಇದಕ್ಕೆ ಅನುಸರಿಸಬೇಕಾದ ಕ್ರಮಗಳು ಹೀಗಿವೆ:

- ಚಿತ್ರದ ಉದ್ದನೆಯ ಬದಿಯನ್ನು ಸುಮಾರು 2,000 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟವನ್ನು 75ರಿಂದ 80ರ ಆಸುಪಾಸಿನಲ್ಲಿ ಉಳಿಸುವುದು.
- ಸಾಧ್ಯವಿದ್ದರೆ ವೆಬ್‌ಪಿ ಅಥವಾ ಎವಿಐಎಫ್ ಮಾದರಿಯಲ್ಲಿ ಉಳಿಸುವುದು. ಇವು ಅಷ್ಟೇ ಗುಣಮಟ್ಟವನ್ನು ಜೆಪೆಗ್‌ಗಿಂತ ಕಡಿಮೆ ಗಾತ್ರದಲ್ಲಿ ಕೊಡುತ್ತವೆ.
- ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ ಆಗಿರುವಂತೆ ನೋಡಿಕೊಳ್ಳುವುದು. ಅಡೋಬಿ ಆರ್‌ಜಿಬಿಯಲ್ಲಿ ಬಿಟ್ಟರೆ ಕೆಲವು ಪರದೆಗಳಲ್ಲಿ ರೇಷ್ಮೆ ಸೀರೆಯ ಬಣ್ಣ ಮಂಕಾಗಿ ಕಾಣುತ್ತದೆ.
- ಕೆಳಗಿರುವ ಚಿತ್ರಗಳು ಓದುಗರು ಅಲ್ಲಿಗೆ ತಲುಪಿದಾಗ ಮಾತ್ರ ಇಳಿಯುವಂತೆ ಮಾಡುವುದು. ಇದನ್ನು ಲೇಜಿ ಲೋಡಿಂಗ್ ಎನ್ನುತ್ತಾರೆ. ಮೇಲ್ಭಾಗದ ಮುಖ್ಯ ಚಿತ್ರಕ್ಕೆ ಮಾತ್ರ ಇದನ್ನು ಬಳಸಬಾರದು.
- ವಿಡಿಯೊವನ್ನು ನೇರವಾಗಿ ಸರ್ವರ್‌ಗೆ ಹಾಕದೆ ಯೂಟ್ಯೂಬ್ ಅಥವಾ ವಿಮಿಯೊದಿಂದ ಜೋಡಿಸುವುದು.

ವೇಗ ಅಳೆಯಲು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಮುಖ್ಯವಾಗಿ ಮೂರು ಅಂಕಿ ಗಮನಿಸಬೇಕು. ಪುಟದ ಅತಿ ದೊಡ್ಡ ಭಾಗ 2.5 ಸೆಕೆಂಡಿನ ಒಳಗೆ ಕಾಣಬೇಕು. ಬಟನ್ ಒತ್ತಿದ ಮೇಲೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ಪುಟ ತೆರೆಯುವಾಗ ಅಕ್ಷರ, ಚಿತ್ರಗಳು ಜಿಗಿದಾಡುವ ಪ್ರಮಾಣ 0.1ಕ್ಕಿಂತ ಹೆಚ್ಚಿರಬಾರದು. ಗೂಗಲ್ ವೆಬ್‌ಸೈಟ್‌ಗಳ ಮೊಬೈಲ್ ರೂಪವನ್ನೇ ಮುಖ್ಯವಾಗಿ ಪರಿಗಣಿಸುವುದರಿಂದ ಮೊದಲು ಮೊಬೈಲ್‌ನ ಅಂಕಿಗಳನ್ನೇ ನೋಡಬೇಕು.

ದರ ಬಚ್ಚಿಟ್ಟರೆ ಲಾಭವೇ, ನಷ್ಟವೇ?

"ದರಕ್ಕಾಗಿ ಸಂಪರ್ಕಿಸಿ" ಎಂದು ಬರೆಯುವುದು ರೂಢಿ. ಪ್ರತಿ ಮದುವೆಯೂ ಬೇರೆ, ಮೊದಲೇ ದರ ಹೇಳಿದರೆ ಪೈಪೋಟಿಯವರು ನೋಡುತ್ತಾರೆ ಎಂಬುದು ಇದರ ಹಿಂದಿನ ವಾದ. ಆದರೆ ದರವೇ ಇಲ್ಲದ ಪುಟ ನೋಡಿದ ಗ್ರಾಹಕರು ತಮ್ಮ ಬಜೆಟ್‌ಗೆ ಇದು ಎಟುಕದು ಎಂದುಕೊಂಡು ಹೊರಟುಹೋಗುವುದುಂಟು. ಇನ್ನೊಂದೆಡೆ, ಬಜೆಟ್ ಹೊಂದದವರ ಕರೆಗಳಿಗೆ ಉತ್ತರಿಸುತ್ತಲೇ ಸ್ಟುಡಿಯೋದವರ ಸಮಯ ಕಳೆಯುತ್ತದೆ.

ಮಧ್ಯದ ದಾರಿ ಎಂದರೆ ಆರಂಭಿಕ ದರವನ್ನು ಪ್ರಕಟಿಸುವುದು. ಅದರೊಂದಿಗೆ ಎಷ್ಟು ಗಂಟೆ, ಎಷ್ಟು ಮಂದಿ ಛಾಯಾಗ್ರಾಹಕರು, ಎಷ್ಟು ಎಡಿಟ್ ಮಾಡಿದ ಚಿತ್ರ, ಆಲ್ಬಂನ ಹಾಳೆಗಳೆಷ್ಟು, ಕೈಗೆ ಸಿಗುವುದು ಎಷ್ಟು ದಿನಕ್ಕೆ ಎಂಬುದನ್ನು ಪಟ್ಟಿಯಾಗಿ ಕೊಡಬೇಕು. ಹೆಚ್ಚುವರಿ ಗಂಟೆ, ಪ್ರಯಾಣ, ವಸತಿ, ಡ್ರೋನ್‌ಗೆ ಬೇರೆ ಹಣವಿದ್ದರೆ ಅದನ್ನೂ ಅಲ್ಲಿಯೇ ಹೇಳಬೇಕು. ಮುಂಬೈನಿಂದ ಉಡುಪಿಗೋ ಹೈದರಾಬಾದ್‌ನಿಂದ ಕಲಬುರಗಿಗೋ ಹೋಗಿ ಮದುವೆ ತೆಗೆಯುವವರಿಗೆ ಪ್ರಯಾಣದ ಖರ್ಚಿನ ಸ್ಪಷ್ಟತೆ ಇನ್ನೂ ಮುಖ್ಯ.

ಇದಕ್ಕೆ ಕಾನೂನಿನ ಮುಖವೂ ಇದೆ. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಒಂದೊಂದಾಗಿ ಶುಲ್ಕ ಸೇರಿಸುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ನಿಷೇಧಿಸಿದೆ. ಜಿಎಸ್‌ಟಿ ವಿಷಯದಲ್ಲೂ ಸ್ಪಷ್ಟತೆ ಬೇಕು. ಬಹುತೇಕ ರಾಜ್ಯಗಳಲ್ಲಿ ಸೇವಾ ವಲಯದವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ನೋಂದಣಿ ಇದ್ದರೆ ದರ ತೆರಿಗೆ ಸೇರಿಯೇ ಅಥವಾ ಹೊರತಾಗಿಯೇ ಎಂದು ನಮೂದಿಸಬೇಕು. ನೋಂದಣಿ ಇಲ್ಲದವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ.

ಗೂಗಲ್ ಹುಡುಕಾಟದಲ್ಲಿ ಕಾಣಿಸಿಕೊಳ್ಳಲು

ಊರಿನ ಹೆಸರಿನೊಂದಿಗೆ ಹುಡುಕಿದಾಗ ನಕ್ಷೆಯ ಜೊತೆ ಬರುವ ಪಟ್ಟಿಗೆ ಗೂಗಲ್ ಮೂರು ಸಂಗತಿ ನೋಡುತ್ತದೆ: ಹುಡುಕಿದ ವಿಷಯಕ್ಕೆ ಹೊಂದಿಕೆ, ದೂರ ಮತ್ತು ಹೆಸರುವಾಸಿತನ. ದೂರವನ್ನು ಬದಲಿಸಲಾಗದು, ಉಳಿದೆರಡನ್ನು ಸುಧಾರಿಸಬಹುದು.

ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆದು ದೃಢೀಕರಿಸಬೇಕು. ಇದು ಉಚಿತ. ಮನೆಯಿಂದಲೇ ಕೆಲಸ ಮಾಡುವವರು ಮನೆಯ ವಿಳಾಸವನ್ನು ಮರೆಮಾಡಿ, ಸೇವೆ ಕೊಡುವ ಪ್ರದೇಶಗಳನ್ನಷ್ಟೇ ತೋರಿಸಬಹುದು. ಸ್ಟುಡಿಯೋ ಹೆಸರು, ದೂರವಾಣಿ, ವಿಳಾಸ ಎಲ್ಲ ಕಡೆ ಒಂದೇ ರೀತಿ ಇರಬೇಕು.

ವೆಬ್‌ಸೈಟ್‌ನಲ್ಲಿ ಎಲ್ಲ ಸೇವೆಗಳನ್ನು ಒಂದೇ ಪುಟದಲ್ಲಿ ತುರುಕದೆ ಮದುವೆ, ಮಗುವಿನ ಫೋಟೋ, ಉತ್ಪನ್ನದ ಫೋಟೋ, ಕಾರ್ಪೊರೇಟ್ ಕಾರ್ಯಕ್ರಮ ಎಂದು ಬೇರೆ ಬೇರೆ ಪುಟ ಮಾಡಬೇಕು. ಒಂದೊಂದರಲ್ಲೂ ಊರಿನ ಹೆಸರು ಸಹಜವಾಗಿ ಬರಲಿ. ಊರುಗಳ ಹೆಸರನ್ನಷ್ಟೇ ಬದಲಿಸಿ ಒಂದೇ ಬರಹವನ್ನು 30 ಪುಟ ಮಾಡುವುದನ್ನು ಗೂಗಲ್ ಸ್ಪ್ಯಾಂ ಎಂದು ಪರಿಗಣಿಸುತ್ತದೆ.

ಸರ್ಚ್ ಎಂಜಿನ್‌ಗೆ ಚಿತ್ರದ ಸಂದರ್ಭ ತಿಳಿಯಲು ಪದಗಳು ಬೇಕು. ಕ್ಯಾಮೆರಾ ಕೊಟ್ಟ ಸಂಖ್ಯೆಯ ಬದಲು ಫೈಲ್‌ಗೆ ಅರ್ಥವಿರುವ ಹೆಸರು ಕೊಟ್ಟು, ಆಲ್ಟ್ ಟೆಕ್ಸ್ಟ್ ಎಂಬ ಜಾಗದಲ್ಲಿ "ಪುಣೆಯ ಛತ್ರದಲ್ಲಿ ಧಾರೆ ಎರೆಯುತ್ತಿರುವ ವಧುವಿನ ತಂದೆ ತಾಯಿ" ಎಂಬಂಥ ಒಂದು ಸಾಲು ಬರೆಯಬೇಕು. ದೃಷ್ಟಿದೋಷ ಇರುವವರ ಸ್ಕ್ರೀನ್ ರೀಡರ್ ಓದಿ ಹೇಳುವುದೂ ಇದೇ ಸಾಲನ್ನು.

ಕನ್ನಡ ಪುಟ ಇರಲಿ, ಯೂನಿಕೋಡ್‌ನಲ್ಲಿರಲಿ

ಹೊರನಾಡಿನಲ್ಲಿ ಮದುಮಕ್ಕಳು ಇಂಗ್ಲಿಷ್‌ನಲ್ಲಿ ಹುಡುಕಿದರೂ ನಿರ್ಧಾರದಲ್ಲಿ ಊರಿನ ಹಿರಿಯರ ಮಾತಿಗೆ ತೂಕವಿರುತ್ತದೆ. ಲಿಂಕ್ ಊರಿನ ಫ್ಯಾಮಿಲಿ ವಾಟ್ಸ್‌ಆ್ಯಪ್ ಗುಂಪಿಗೆ ಹೋದಾಗ ಕನ್ನಡದ ಒಂದು ಪುಟವಿದ್ದರೆ ಮಾತುಕತೆ ಸುಲಭವಾಗುತ್ತದೆ. ಸೇವೆ, ದರ, ಸಂಪರ್ಕ ಈ ಮೂರು ಪುಟ ಕನ್ನಡದಲ್ಲಿದ್ದರೂ ಸಾಕು.

ಆದರೆ ಲಗ್ನಪತ್ರಿಕೆ ಮುದ್ರಣಕ್ಕೆ ಬಳಸುವ, ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹವನ್ನು ಹಾಗೆಯೇ ಅಂಟಿಸಿದರೆ ಆ ಫಾಂಟ್ ಇಲ್ಲದ ಫೋನ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಕನ್ನಡ ಬರಹವನ್ನು ಚಿತ್ರವಾಗಿ ಮಾಡಿ ಹಾಕಿದರೆ ಹುಡುಕಾಟದಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಯೂನಿಕೋಡ್‌ನಲ್ಲೇ ಬರೆದು, ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮದಂಥ ಉಚಿತ ಫಾಂಟ್ ಬಳಸುವುದು ಸೂಕ್ತ. ಯಂತ್ರಾನುವಾದವನ್ನು ಓದಿ ತಿದ್ದದೆ ಹಾಕುವುದು ಬೇಡ. ಧಾರೆ, ಮುಹೂರ್ತದಂಥ ಪದಗಳು ಅಲ್ಲಿ ತಪ್ಪಾಗಿ ಬಂದರೆ ಶಾಸ್ತ್ರ ಬಲ್ಲವರು ಎಂಬ ನಂಬಿಕೆಯೇ ಹೋಗುತ್ತದೆ.

ಚಿತ್ರ ಯಾರದ್ದು? ಹಕ್ಕುಸ್ವಾಮ್ಯ ಏನು ಹೇಳುತ್ತದೆ

ತಾವು ತೆಗೆದ ಚಿತ್ರ ತಮ್ಮದೇ ಎಂದು ಬಹುತೇಕ ಛಾಯಾಗ್ರಾಹಕರು ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಕರ್ತೃ ಅದನ್ನು ತೆಗೆದವರೇ. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಚಿತ್ರದ ಮೊದಲ ಮಾಲೀಕರು ಹಣ ಕೊಟ್ಟು ತೆಗೆಸಿದವರು. ಬೇರೆ ರೀತಿಯ ಒಪ್ಪಂದ ಇದ್ದರೆ ಮಾತ್ರ ಇದು ಬದಲಾಗುತ್ತದೆ.

ಅಂದರೆ ಒಪ್ಪಂದವಿಲ್ಲದೆ ತೆಗೆದ ಮದುವೆಯ ಚಿತ್ರವನ್ನು ವೆಬ್‌ಸೈಟ್‌ನಲ್ಲಿ ಹಾಕಿದರೆ, ತೆಗೆಸಿಕೊಂಡವರು ಆಕ್ಷೇಪ ಎತ್ತಬಹುದು. ಹಾಗಾಗಿ ಬುಕಿಂಗ್ ಪತ್ರದಲ್ಲೇ ಎರಡು ಅಂಶ ಇರಬೇಕು. ಹಕ್ಕುಸ್ವಾಮ್ಯ ಯಾರ ಬಳಿ ಇರುತ್ತದೆ ಎಂಬುದು ಒಂದು. ಆಯ್ದ ಚಿತ್ರಗಳನ್ನು ವೆಬ್‌ಸೈಟ್, ಸಾಮಾಜಿಕ ಜಾಲತಾಣ, ಜಾಹೀರಾತಿನಲ್ಲಿ ಬಳಸಲು ಅನುಮತಿ ಇದೆಯೇ ಎಂಬುದು ಇನ್ನೊಂದು. ಮೂರಕ್ಕೂ ಬೇರೆ ಬೇರೆ ಗುರುತು ಹಾಕುವ ಅವಕಾಶ ಕೊಟ್ಟು ಸಹಿ ಪಡೆದರೆ ಮುಂದೆ ತಕರಾರಿಲ್ಲ. ವೆಬ್‌ಸೈಟ್‌ಗೆ ಒಪ್ಪಿ ಜಾಹೀರಾತಿಗೆ ಒಪ್ಪದ ಕುಟುಂಬಗಳೂ ಇರುತ್ತವೆ.

ಬೇರೆ ಸ್ಟುಡಿಯೋ ಪರವಾಗಿ ದಿನಗೂಲಿಗೆ ಹೋಗಿ ತೆಗೆಯುವವರಿಗೂ ಇದು ಅನ್ವಯಿಸುತ್ತದೆ. ಆ ಚಿತ್ರಗಳನ್ನು ತಮ್ಮ ಪೋರ್ಟ್‌ಫೋಲಿಯೊದಲ್ಲಿ ಹಾಕುವ ಮೊದಲು ಲಿಖಿತ ಅನುಮತಿ ಪಡೆದಿರಬೇಕು.

ಮಕ್ಕಳ ಚಿತ್ರಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಮಗುವಿನ ಪೂರ್ಣ ಹೆಸರು, ಶಾಲೆ, ಮನೆ ಇರುವ ಬಡಾವಣೆಯನ್ನು ಚಿತ್ರದ ಜೊತೆ ಬರೆಯದಿರುವುದೇ ಒಳ್ಳೆಯದು. ಯಾವುದೇ ಕುಟುಂಬ ಮುಂದೊಂದು ದಿನ ಚಿತ್ರ ತೆಗೆಯಲು ಕೇಳಿದರೆ ತಕ್ಷಣ ತೆಗೆಯುವುದು ವ್ಯವಹಾರದ ದೃಷ್ಟಿಯಿಂದಲೂ ಲೇಸು.

ಮದುವೆ ವಿಡಿಯೊಗೆ ಸಿನಿಮಾ ಹಾಡು ಸೇರಿಸಿ ವೆಬ್‌ಸೈಟ್‌ನಲ್ಲಿ ಹಾಕಲು ಆ ಹಾಡಿನ ಹಕ್ಕುದಾರರ ಅನುಮತಿ ಬೇಕು. ಪರವಾನಗಿ ಇರುವ ಸಂಗೀತ ಸಂಗ್ರಹಗಳಿಂದ ಆರಿಸಿಕೊಳ್ಳುವುದು ಸುರಕ್ಷಿತ. ಡ್ರೋನ್ ಸೇವೆ ಇದೆ ಎಂದು ಬರೆಯುವವರು 2021ರ ಡ್ರೋನ್ ನಿಯಮಗಳನ್ನೂ ಹಾರಾಟ ನಿರ್ಬಂಧಿತ ವಲಯಗಳನ್ನೂ ಮೊದಲು ಪರಿಶೀಲಿಸಬೇಕು.

ಅಭಿಪ್ರಾಯಗಳು ನಿಜವಾಗಿರಲಿ

ಅಡ್ವಾನ್ಸ್ ಕೊಡುವ ಮೊದಲು ಗ್ರಾಹಕರು ಹಿಂದಿನವರ ಅಭಿಪ್ರಾಯ ಓದುತ್ತಾರೆ. ಆಲ್ಬಂ ಕೈಗೆ ಕೊಟ್ಟ ವಾರದಲ್ಲೇ ಗೂಗಲ್ ರಿವ್ಯೂ ಲಿಂಕ್ ಕಳುಹಿಸಿ ಕೇಳಿದರೆ ಬಹಳಷ್ಟು ಮಂದಿ ಬರೆಯುತ್ತಾರೆ. ರಿಯಾಯಿತಿ ಆಸೆ ತೋರಿಸಿ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ನಕಲಿ ಅಭಿಪ್ರಾಯಗಳ ಹಾವಳಿ ತಡೆಯಲು ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೂ ತಂದಿದೆ.

ಟೀಕೆ ಬಂದರೆ ಜಗಳಕ್ಕಿಳಿಯದೆ ಏನಾಯಿತು, ಏನು ಸರಿಪಡಿಸಲಾಯಿತು ಎಂದು ಎರಡು ಸಾಲಿನಲ್ಲಿ ಉತ್ತರಿಸಬೇಕು. ಮುಂದಿನ ಗ್ರಾಹಕರು ಟೀಕೆಯ ಜೊತೆಗೆ ಆ ಉತ್ತರವನ್ನೂ ಓದುತ್ತಾರೆ.

ಸಂಪರ್ಕ ಸುಲಭವಾಗಲಿ

ಹನ್ನೆರಡು ಪ್ರಶ್ನೆಗಳ ಫಾರ್ಮ್ ತುಂಬಲು ಯಾರಿಗೂ ತಾಳ್ಮೆಯಿಲ್ಲ. ಹೆಸರು, ಮೊಬೈಲ್ ಸಂಖ್ಯೆ, ಕಾರ್ಯಕ್ರಮದ ದಿನಾಂಕ, ಊರು, ಯಾವ ಕಾರ್ಯಕ್ರಮ ಎಂಬ ಐದೇ ವಿವರ ಸಾಕು. ಪ್ರತಿ ಪುಟದ ಕೆಳಗೂ ಕರೆ ಮತ್ತು ವಾಟ್ಸ್‌ಆ್ಯಪ್ ಬಟನ್ ಇರಬೇಕು. ವಾಟ್ಸ್‌ಆ್ಯಪ್‌ನ ಕ್ಲಿಕ್ ಟು ಚಾಟ್ ಲಿಂಕ್ ಬಳಸಿದರೆ ಸಂಖ್ಯೆ ಸೇವ್ ಮಾಡದೆಯೇ ಸಂದೇಶ ಕಳುಹಿಸಬಹುದು, ಅದರಲ್ಲಿ ಮೊದಲೇ ಒಂದು ವಾಕ್ಯ ತುಂಬಿಡಲೂ ಸಾಧ್ಯ.

ಮುಹೂರ್ತದ ದಿನ ಛಾಯಾಗ್ರಾಹಕರು ಫೋನ್ ಎತ್ತುವ ಸ್ಥಿತಿಯಲ್ಲಿರುವುದಿಲ್ಲ. "ಕಾರ್ಯಕ್ರಮದ ದಿನ ರಾತ್ರಿ 8ರ ನಂತರ ಉತ್ತರಿಸುತ್ತೇವೆ" ಎಂದು ಬರೆದಿಟ್ಟರೆ ಗ್ರಾಹಕರು ಕಾಯುತ್ತಾರೆ. ಅಡ್ವಾನ್ಸ್ ಎಷ್ಟು, ಮದುವೆ ಮುಂದೂಡಿದರೆ ಅಥವಾ ರದ್ದಾದರೆ ಹಣ ಹೇಗೆ ವಾಪಸ್, ಛಾಯಾಗ್ರಾಹಕರೇ ಅನಾರೋಗ್ಯಕ್ಕೊಳಗಾದರೆ ಬದಲಿ ವ್ಯವಸ್ಥೆ ಏನು ಎಂಬ ಮಾಹಿತಿಯೂ ವೆಬ್‌ಸೈಟ್‌ನಲ್ಲಿರಬೇಕು.

ವೆಬ್‌ಸೈಟ್‌ಗೆ ಎಚ್‌ಟಿಟಿಪಿಎಸ್ ಭದ್ರತೆ ಇಲ್ಲದಿದ್ದರೆ ಬ್ರೌಸರ್ ಸುರಕ್ಷಿತವಲ್ಲ ಎಂದು ಎಚ್ಚರಿಸುತ್ತದೆ. ಕ್ರೋಮ್ ಇದನ್ನು 2018ರಿಂದಲೇ ತೋರಿಸುತ್ತಿದೆ. ಇದಕ್ಕೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತವಾಗಿ ಸಿಗುತ್ತದೆ.

ಫಲ ಸಿಗುತ್ತಿದೆಯೇ ಎಂದು ಅಳೆಯುವುದು ಹೇಗೆ?

ಗೂಗಲ್ ಸರ್ಚ್ ಕನ್ಸೋಲ್ ಯಾವ ಪದ ಹುಡುಕಿ ಜನ ಬಂದರು ಎಂಬುದನ್ನು ತಿಳಿಸುತ್ತದೆ. ಅನಲಿಟಿಕ್ಸ್ 4 ಅವರು ಯಾವ ಪುಟ ನೋಡಿದರು, ಯಾವ ಬಟನ್ ಒತ್ತಿದರು ಎಂಬುದನ್ನು ಹೇಳುತ್ತದೆ. ಎರಡೂ ಉಚಿತ. ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ ಕೋಡ್ 2023ರ ಜುಲೈನಿಂದ ಕೆಲಸ ಮಾಡುತ್ತಿಲ್ಲ. ಅದನ್ನೇ ಉಳಿಸಿಕೊಂಡವರಿಗೆ ಯಾವ ಲೆಕ್ಕವೂ ಸಿಗುತ್ತಿರುವುದಿಲ್ಲ.

ನೋಡಬೇಕಾದ ಮುಖ್ಯ ಲೆಕ್ಕ ಸರಳ. ಉದಾಹರಣೆಗೆ ತಿಂಗಳಿಗೆ 400 ಮಂದಿ ಬಂದು 4 ಮಂದಿ ವಿಚಾರಿಸಿದರೆ ಅದು ನೂರಕ್ಕೆ ಒಂದು. ದರ, ವೇಗ, ಸಂಪರ್ಕ ಸರಿಪಡಿಸಿ ಅದು 8ಕ್ಕೆ ಏರಿದರೆ ಜಾಹೀರಾತಿಗೆ ಒಂದು ರೂಪಾಯಿ ಹೆಚ್ಚು ಕೊಡದೆ ವಿಚಾರಣೆ ದುಪ್ಪಟ್ಟಾಗುತ್ತದೆ. ಆದ್ದರಿಂದ ಜಾಹೀರಾತಿಗೆ ಹಣ ಹಾಕುವ ಮೊದಲು ವೆಬ್‌ಸೈಟ್ ಸರಿಪಡಿಸುವುದು ಜಾಣತನ.

ಆಷಾಢದಲ್ಲಿ ನಾಲ್ಕು ವಾರದ ಕೆಲಸ

ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆಗಳು ವಿರಳ. ಮಹಾರಾಷ್ಟ್ರದಲ್ಲಿ ಚಾತುರ್ಮಾಸ ಮುಗಿದು ತುಳಸಿ ವಿವಾಹದ ಬಳಿಕ ಸೀಸನ್ ಮತ್ತೆ ಆರಂಭವಾಗುತ್ತದೆ. ಈ ಬಿಡುವಿನಲ್ಲಿ ಕೆಲಸವನ್ನು ಹೀಗೆ ಹಂಚಿಕೊಳ್ಳಬಹುದು.

- ಮೊದಲ ವಾರ: ಡೊಮೈನ್ ಯಾರ ಹೆಸರಿನಲ್ಲಿದೆ ಎಂದು ಪರಿಶೀಲನೆ, ಇಡೀ ವೆಬ್‌ಸೈಟ್‌ನ ಬ್ಯಾಕಪ್, ವೇಗದ ಪರೀಕ್ಷೆ.
- ಎರಡನೇ ವಾರ: ಚಿತ್ರಗಳ ಆಯ್ಕೆ, ಗಾತ್ರ ಇಳಿಕೆ, ಅನುಮತಿ ಇಲ್ಲದ ಚಿತ್ರಗಳ ತೆರವು.
- ಮೂರನೇ ವಾರ: ಸೇವೆ ಮತ್ತು ದರದ ಪುಟಗಳು, ಕನ್ನಡ ಪುಟ, ಸಂಪರ್ಕ ಫಾರ್ಮ್.
- ನಾಲ್ಕನೇ ವಾರ: ಬಿಸಿನೆಸ್ ಪ್ರೊಫೈಲ್ ನವೀಕರಣ, ಹಳೆಯ ಗ್ರಾಹಕರಿಂದ ಅಭಿಪ್ರಾಯ, ಸರ್ಚ್ ಕನ್ಸೋಲ್ ಜೋಡಣೆ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ವೆಬ್‌ಸೈಟ್ ಸರಿಪಡಿಸಿದ ಎಷ್ಟು ದಿನಕ್ಕೆ ಫಲ ಕಾಣುತ್ತದೆ?
ವೇಗ, ದರ, ಸಂಪರ್ಕದ ಬದಲಾವಣೆಯ ಪರಿಣಾಮ ಬರುವ ಜನರಲ್ಲಿ ಬೇಗ ಕಾಣುತ್ತದೆ. ಗೂಗಲ್ ಹುಡುಕಾಟದಲ್ಲಿ ಮೇಲೇರಲು ಕೆಲವು ತಿಂಗಳು ಬೇಕಾಗಬಹುದು. ಮೊದಲ ಸ್ಥಾನದ ಖಾತರಿ ಕೊಡುವವರನ್ನು ನಂಬಬಾರದು. ಅಂಥ ಖಾತರಿ ಯಾರೂ ಕೊಡಲಾರರು ಎಂದು ಗೂಗಲ್ ಕೂಡ ಹೇಳುತ್ತದೆ.

ಚಿತ್ರಗಳ ಮೇಲೆ ದೊಡ್ಡ ವಾಟರ್‌ಮಾರ್ಕ್ ಬೇಕೇ?
ಚಿತ್ರದ ನಡುವೆ ದೊಡ್ಡ ಹೆಸರಿದ್ದರೆ ನೋಡಲು ಅಡ್ಡಿಯಾಗುತ್ತದೆ. ಮೂಲೆಯಲ್ಲಿ ಸಣ್ಣ ಗುರುತು ಸಾಕು. ಫೈಲ್‌ನ ಐಪಿಟಿಸಿ ಮಾಹಿತಿಯಲ್ಲಿ ತೆಗೆದವರ ಹೆಸರು ಮತ್ತು ಹಕ್ಕುಸ್ವಾಮ್ಯದ ವಿವರ ತುಂಬುವುದು ಉತ್ತಮ.

ಗ್ರಾಹಕರಿಗೆ ಚಿತ್ರ ತಲುಪಿಸುವ ಗ್ಯಾಲರಿ ಎಲ್ಲರಿಗೂ ಕಾಣಬೇಕೇ?
ಬೇಡ. ಅದಕ್ಕೆ ಪಾಸ್‌ವರ್ಡ್ ಇರಬೇಕು ಮತ್ತು ಸರ್ಚ್ ಎಂಜಿನ್‌ಗಳಿಗೆ ಸಿಗದಂತೆ ಮಾಡಬೇಕು. ಎಷ್ಟು ದಿನ ಲಭ್ಯ ಎಂಬುದನ್ನು ಮೊದಲೇ ತಿಳಿಸಬೇಕು.

ಹೊಸದಾಗಿ ಆರಂಭಿಸುವವರು ಚಿತ್ರ ಎಲ್ಲಿಂದ ತರಬೇಕು?
ಬೇರೆಯವರ ಅಥವಾ ಸ್ಟಾಕ್ ಚಿತ್ರಗಳನ್ನು ತಮ್ಮದೆಂದು ತೋರಿಸುವುದು ಮೋಸ. ಬಂಧುಗಳ ನಾಮಕರಣ, ಗೃಹಪ್ರವೇಶ, ಕನ್ನಡ ಸಂಘದ ರಾಜ್ಯೋತ್ಸವದಂಥ ಕಾರ್ಯಕ್ರಮಗಳನ್ನು ಅನುಮತಿ ಪಡೆದು ತೆಗೆದು, ಹತ್ತೇ ಒಳ್ಳೆಯ ಚಿತ್ರಗಳಿಂದ ಆರಂಭಿಸಬಹುದು. ಕೆಲಸ ಹೆಚ್ಚಿದಂತೆ ಹಳೆಯವನ್ನು ತೆಗೆದು ಹೊಸದನ್ನು ಸೇರಿಸುತ್ತ ಹೋದರೆ ವೆಬ್‌ಸೈಟ್ ಸದಾ ಇಂದಿನ ಮಟ್ಟವನ್ನೇ ತೋರಿಸುತ್ತದೆ.